ಸ್ಪೀಕರಿನ ಮೇಲಿನ ನೀರಿನ ಕಲೆ

ನಮ್ಮ ಮನೆಯ ಬಲಗಡೆಯ ಸ್ಪೀಕರಿನ ನೆತ್ತಿಯ ಮೇಲೆ ಚೊಂಬಿನ ತಳದಷ್ಟು ಅಗಲದ ಒಂದು ದುಂಡನೆಯ ಕಲೆಯಿದೆ. ಇಂಥ ಯಂತ್ರಗಳನ್ನು ಬಲ್ಲವರು ಯಾರೇ ಬಂದರೂ ಅವರ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಕೂಸಿನ ಕೆನ್ನೆಯ ಮೇಲೆ ಬರೆ ಕಂಡವರ ಹಾಗೆ ಅವರ ಮುಖ ಬಾಡುತ್ತದೆ. "ಇದು ವಾಲ್ನಟ್ ಮರ ಅಲ್ಲವೇ?" ಎನ್ನುತ್ತಾರೆ. ಹೌದು ಎನ್ನುತ್ತೇನೆ. "ಪಾಲಿಶ್ ಮಾಡಿಸಿದರೆ ಹೋಗುತ್ತದೆ" ಎನ್ನುತ್ತಾರೆ. ಗೊತ್ತಿದೆ ಎನ್ನುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮಾಡಿಸದೇ ಇರುವುದಕ್ಕೆ ಕಾರಣ ಹೇಳಬೇಕೆಂದರೆ ಬಂದವರನ್ನು ಕೂರಿಸಬೇಕು. ಆ ಸ್ಪೀಕರುಗಳು ಬಂದ ಮೇಲೆ ನಮ್ಮ ಮನೆಯಲ್ಲಿ ಕೂರುವ ಜಾಗ ಉಳಿದಿಲ್ಲ. ತಾವು ತಮ್ಮ ತಮ್ಮ ಮನೆಯಲ್ಲಿ ಕೂತೇ ಓದುತ್ತಿರುವುದರಿಂದ ತಮಗೆ ಹೇಳಬಹುದು.

ನಮ್ಮದು ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಲೈನಿನ ಮನೆ. ಲೈನ್ ಎಂದರೆ ರೈಲು ಡಬ್ಬಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳ ಸಾಲು. ಎರಡು ಮನೆಗಳ ನಡುವೆ ಒಂದೇ ಗೋಡೆ, ಇಡೀ ಸಾಲಿಗೆ ಒಂದೇ ತಗಡಿನ ಮಾಡು. ಮೂರನೆಯ ಮನೆಯವರು ಒಗ್ಗರಣೆ ಹಾಕಿದರೆ ಸೀನುವುದು ನಾವು. ಗಣಿ ಮುಚ್ಚಿ ಇಷ್ಟು ಕಾಲವಾದರೂ ನಮ್ಮ ಸಾಲಿನ ಮನೆಗಳ ಹಕ್ಕುಪತ್ರದ ಪ್ರಶ್ನೆ ಇತ್ಯರ್ಥವಾಗಿಲ್ಲ ಎಂಬುದನ್ನು ದಾಖಲಿಸದೆ ಮುಂದೆ ಹೋಗುವುದು ನನ್ನಿಂದ ಸಾಧ್ಯವಿಲ್ಲ. ದಾಖಲಿಸಿದ್ದೇನೆ, ಮುಂದೆ ಹೋಗೋಣ.

ಹೀಗೆ ದಾಖಲಿಸುತ್ತ ಹೋಗುವ ಅಭ್ಯಾಸ ನನಗೆ ಶಾಲೆಯಿಂದ ಬಂದದ್ದು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು 'ವಿಮಲಿ' ಎಂದು ಕರೆದು ಸಾಕಿದವಳು ಚಿಕ್ಕಮ್ಮ ನಾರಾಯಣಮ್ಮ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಗಣಿ ಕೆಲಸಗಾರನನ್ನು ಮದುವೆಯಾಗಿ ಈ ಲೈನಿಗೆ ಬಂದವಳು. ನಾನು ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿದ್ದಾಗಲೇ, ಗುಡ್ಡದ ಮೇಲಿನ ಒಂದು ವಸತಿ ಶಾಲೆಗೆ ಪುಣ್ಯಾತ್ಮರೊಬ್ಬರು ನನ್ನನ್ನು ಸೇರಿಸಿದರು. ಅಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ, ಬದಲಿಗೆ ಸಭೆಗಳಿದ್ದವು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ಸಭೆ ಸೇರಿ, ಅಡುಗೆಯವರ ಕೆಲಸದ ಹೊರೆಯನ್ನು ಚರ್ಚಿಸಿ, ಠರಾವು ಮಾಡಿ, ಆಮೇಲೆ ಆರಿದ ಉಪ್ಪಿಟ್ಟು ತಿನ್ನುತ್ತಿದ್ದೆವು. ಎಲ್ಲಿ ತಪ್ಪು ಕಂಡರೂ ಅದನ್ನು ಹೆಸರಿಟ್ಟು ಕರೆಯಬೇಕು ಎಂಬುದು ಅಲ್ಲಿನ ಪಾಠ. ನಾನು ಚೆನ್ನಾಗಿ ಕಲಿತೆ. ಆ ಕಾರಣದಿಂದ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆ.

ಅದೇ ಶಾಲೆಯಲ್ಲಿ ಒಂದು ಸಂಗೀತದ ಕೋಣೆಯಿತ್ತು. ಕೋಣೆಯಲ್ಲಿ ನಮಗಿಂತ ಎತ್ತರದ ಎರಡು ಸ್ಪೀಕರುಗಳಿದ್ದವು. ಮೇಷ್ಟ್ರು ನಮ್ಮನ್ನು ನೆಲದ ಮೇಲೆ ಅಂಗಾತ ಮಲಗಿಸಿ, "ಕಿವಿಯಿಂದ ಕೇಳಬೇಡಿ, ಬೆನ್ನಿನಿಂದ ಕೇಳಿ" ಎನ್ನುತ್ತಿದ್ದರು. ಮಂದ್ರದ ಸ್ವರ ಬಂದಾಗ ನೆಲ ಬೆಕ್ಕಿನಂತೆ ಗುರುಗುಟ್ಟಿ ಬೆನ್ನುಹುರಿಯನ್ನು ಹತ್ತುತ್ತಿತ್ತು. ಮುಂದೆ ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ ಹೇಳಿದೆ, ಮದುವೆಯ ಮಾರುಕಟ್ಟೆಯನ್ನು ತಾತ್ತ್ವಿಕವಾಗಿ ನಿರಾಕರಿಸಿದೆ, ನಿವೃತ್ತಳಾಗಿ ಚಿಕ್ಕಮ್ಮನ ಜೊತೆ ಇರಲು ಲೈನಿಗೇ ಮರಳಿದೆ. ಇಷ್ಟೆಲ್ಲದರ ನಡುವೆ ಬೆನ್ನು ಮಾತ್ರ ಆ ಗುರುಗುಟ್ಟುವಿಕೆಯನ್ನು ಮರೆಯಲಿಲ್ಲ. ಆಸ್ತಿಯ ಮೋಹ ನನಗಿಲ್ಲ. ಆದರೆ ಒಂದು ಜೊತೆ ದೊಡ್ಡ ಸ್ಪೀಕರಿನ ಮೋಹವನ್ನು ಆಸ್ತಿಯ ಮೋಹ ಎನ್ನಲಾಗದು ಎಂಬುದಕ್ಕೆ ನನ್ನ ಬಳಿ ಸಾಕಷ್ಟು ವಾದಗಳಿದ್ದವು.

ತೊಂದರೆಯೆಂದರೆ, ನಮ್ಮ ಲೈನಿನಲ್ಲಿ ಸ್ಪೀಕರುಗಳ ಪ್ರಮುಖ ವಿರೋಧಿ ನಾನೇ. ಲೈನಿನ ದೇವಿ ಅಮ್ಮನ ಹಬ್ಬದಲ್ಲಿ ಅಂಬಲಿ ಹಂಚುವಾಗ ಮನೆಯೆತ್ತರದ ಬಾಕ್ಸುಗಳನ್ನು ಪೇರಿಸಿ ಮೂರು ದಿನ ಅರಚಿಸುವುದು ರೋಗಿಗಳಿಗೆ, ಕೂಸುಗಳಿಗೆ, ಪರೀಕ್ಷೆಗೆ ಓದುವವರಿಗೆ ಅನ್ಯಾಯ ಎಂದು ಅರ್ಜಿ ಬರೆದೆ. ಅರ್ಜಿ ಗೆದ್ದಿತು. ಬಾಕ್ಸು ಕಟ್ಟಿಸುತ್ತಿದ್ದವಳು ನಮ್ಮ ಪಕ್ಕದ ಮನೆಯ ಸೆಲ್ವಿ. ತಮಿಳು ಮನೆಮಾತಿನವಳು, ಗಣಿ ಕೆಲಸಗಾರನ ವಿಧವೆ, ಲೈನಿನಲ್ಲೆಲ್ಲ ದೊಡ್ಡ ಗಂಟಲು. ಅಂದಿನಿಂದ ಆಕೆ ನಮ್ಮ ಮನೆಗೆ ಅಂಬಲಿ ಕಳಿಸುವುದನ್ನು ನಿಲ್ಲಿಸಿದಳು, ಹೊಸ್ತಿಲು ತುಳಿಯುವುದನ್ನೂ ನಿಲ್ಲಿಸಿದಳು. ಆ ಅರ್ಜಿಯ ಒಂದಕ್ಷರವನ್ನೂ ನಾನು ಇಂದಿಗೂ ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಮಧ್ಯಾಹ್ನದ ಹೊತ್ತು ಚಿಕ್ಕಮ್ಮನ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದವಳು ಸೆಲ್ವಿಯೊಬ್ಬಳೇ ಎಂಬುದೂ ದಾಖಲಾಗಲಿ.

ಅಷ್ಟರಲ್ಲಾಗಲೇ ಚಿಕ್ಕಮ್ಮನ ಕಿವಿ ಮಂದವಾಗತೊಡಗಿತ್ತು. ಸಣ್ಣ, ಚೂಪಾದ ಸದ್ದುಗಳು ಹೋಗಿವೆ, ದಪ್ಪ ಸದ್ದುಗಳು ಸ್ವಲ್ಪ ಉಳಿದಿವೆ ಎಂದರು ಡಾಕ್ಟರು. ಅವರು ಕೊಟ್ಟ ಕಿವಿಯಂತ್ರವನ್ನು ಚಿಕ್ಕಮ್ಮ ಒಂದು ದಿನ ಹಾಕಿಕೊಂಡಳು. "ಇದ್ರಾಗೆ ಬರೀ ಸೌಟು ಸದ್ದೇ ಕೇಳ್ತದೆ ಕಣೇ, ಮನ್ಸರ ಸದ್ದೇ ಇಲ್ಲ" ಎಂದು ತೆಗೆದು ಸಾಸಿವೆ ಡಬ್ಬಿಯಲ್ಲಿಟ್ಟಳು. ಆಮೇಲೆ ಅವಳ ಮಾತೂ ಇಳಿಯುತ್ತ ಬಂತು. ಮೊದಲು ಕಥೆ ಹೋಯಿತು, ಆಮೇಲೆ ಬೈಗುಳ ಹೋಯಿತು, ಕೊನೆಗೆ "ಊಂ" ಒಂದೇ ಉಳಿಯಿತು. ಬೈಗುಳ ಹೋದ ದಿನ ನಾನು ಹೆದರಿದೆ. ಮನೆಯಲ್ಲಿ ಇಬ್ಬರೇ ಇರುವಾಗ ಒಬ್ಬರು ಹೀಗೆ ಮೆಲ್ಲಮೆಲ್ಲನೆ ಎದ್ದು ಹೋದರೆ, ಉಳಿದವರು ಅರ್ಜಿ ಬರೆಯುವುದಾದರೂ ಯಾರಿಗೆ?

ಬೆನ್ನಿನಿಂದ ಕೇಳಿ ಎಂದ ಮೇಷ್ಟ್ರು ನೆನಪಾದದ್ದು ಆಗ. ಕಿವಿ ಬಿಟ್ಟರೂ ಪಾದವಿದೆ, ಬೆನ್ನಿದೆ. ನೆಲ ಮಾತಾಡಿದರೆ ಚಿಕ್ಕಮ್ಮ ಉತ್ತರ ಕೊಡಬಹುದು. ಹೀಗೆ ನನ್ನ ಹಳೆಯ ಆಸೆಗೂ ಅವಳ ಹೊಸ ಕಷ್ಟಕ್ಕೂ ಒಂದೇ ಮದ್ದು ಸಿಕ್ಕಿದ್ದು ನನಗೇ ಅನುಮಾನ ತರುವಷ್ಟು ಅನುಕೂಲಕರವಾಗಿತ್ತು.

ಮೊಬೈಲಿನಲ್ಲಿ ಹುಡುಕಿದಾಗ ಬಂಗಾರಪೇಟೆಯಲ್ಲೇ ಒಂದು ಜೊತೆ ಇರುವುದು ತಿಳಿಯಿತು. ಇಂಗ್ಲೆಂಡಿನಲ್ಲಿ ಮಾಡಿದ್ದು, ಎದೆಯೆತ್ತರ, ಒಳಗೆ ಸದ್ದು ಹೊರಡಿಸುವ ಮೊರದಗಲದ ಕೋನು. ಮಾರುತ್ತಿದ್ದವರು ಶಿವಪ್ಪ ನರೇಗಲ್. ಗದಗಿನ ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಬಂದು, ನಿವೃತ್ತರಾಗಿ, ಬಂಗಾರಪೇಟೆಯ ರೈಲು ಹಳಿಯ ಬದಿಗೆ ಮನೆ ಕಟ್ಟಿಕೊಂಡವರು. ಬಾಗಿಲು ತೆರೆದವರು ನನ್ನ ಹಿಂದೆ ಬೀದಿಯ ಆ ತುದಿಯವರೆಗೆ ಕಣ್ಣಾಡಿಸಿದರು.

"ಯಜಮಾನ್ರು ಬಂದಿಲ್ಲೇನ್ರಿ?"

ಸ್ಪೀಕರು ಕೊಳ್ಳಲು ಬಂದ ಹೆಂಗಸಿನ ಹಿಂದೆ ಒಬ್ಬ ಗಂಡಸು ಇದ್ದೇ ಇರಬೇಕೆಂಬ ಊಹೆಯ ಮೂಲವೇನು, ಅದು ಸಮಾಜಕ್ಕೆ ಮಾಡುವ ಹಾನಿಯೇನು ಎಂಬುದನ್ನು ಹೊಸ್ತಿಲಲ್ಲೇ ವಿವರಿಸಿದೆ. ಅವರು ಕೈಕಟ್ಟಿ ಪೂರ್ತಿ ಕೇಳಿದರು. ಆಮೇಲೆ, "ಖರೇ ಅದ ನೋಡ್ರಿ. ಒಳಗ ಬರ್ರಿ, ಚಾ ಕುಡದು ಉಳದದ್ದು ಹೇಳ್ರಿ" ಎಂದರು.

ಒಳಗೆ ಎರಡು ಸ್ಪೀಕರುಗಳೂ ಕಸೂತಿ ಬಟ್ಟೆ ಹೊದ್ದು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಗಣಿಯ ಬಂಗಲೆಯೊಂದರ ಸಾಮಾನು ಹರಾಜಾದಾಗ ಕೊಂಡದ್ದಂತೆ. ಸಾಹೇಬರು ಮೇಲೆ ಕೂತು ಸಂಗೀತ ಕೇಳುತ್ತಿದ್ದಾಗ ನಮ್ಮ ಚಿಕ್ಕಪ್ಪನಂಥವರು ಕೆಳಗೆ ಬಂಡೆ ಕೊರೆದು ಎದೆಯಲ್ಲಿ ಧೂಳು ತುಂಬಿಸಿಕೊಳ್ಳುತ್ತಿದ್ದರು. ಆ ಧೂಳಿನಲ್ಲೇ ಚಿಕ್ಕಪ್ಪ ತೀರಿಕೊಂಡರು. ಆದ್ದರಿಂದ ಈ ಖರೀದಿಯನ್ನು ಸಾಂಸ್ಕೃತಿಕ ಸಂಪತ್ತಿನ ಮರುಹಂಚಿಕೆ ಎಂದೇ ಪರಿಗಣಿಸಬೇಕೆಂದು ನಾನು ಮನಸ್ಸಿನಲ್ಲಿ ಠರಾವು ಮಾಡಿಕೊಂಡೆ.

ಮಾರುವುದೇಕೆ ಎಂದು ಕೇಳಿದೆ. ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಬಂತು. ಅದು ಹೋಗಿ ಮುಗಿಯುವವರೆಗೆ ನರೇಗಲ್ಲರು ತುಟಿ ಬಿಗಿಹಿಡಿದು ಕೂತರು. "ಇದಕ್ಕರೀ" ಎಂದರು. "ಗಾಡಿ ಬಂದರ ರೆಕಾರ್ಡ್ ಮ್ಯಾಲಿನ ಸೂಜಿ ಜಿಗೀತೈತಿ. ಮೊದಲ ಎರಡು ಗಾಡಿ ನಡುವ ಒಂದ ರಾಗ ಮುಗೀತಿತ್ತು. ಈಗ ಆಲಾಪನಾನೂ ಮುಗಿಯಂಗಿಲ್ಲ."

"ರೈಲ್ವೆಯವರಿಗೆ ಅರ್ಜಿ ಕೊಡಬೇಕಿತ್ತು."

"ಏನಂತ ಕೊಡಲಿರಿ? ನನ್ನ ಭೈರವಿ ಮುಗಿಯೂತನಾ ಗಾಡಿ ಬಿಡಬ್ಯಾಡ್ರಿ ಅಂತನಾ?"

ಬೆಲೆಯ ಪ್ರಸ್ತಾಪಕ್ಕೆ ಅವರು ಕೈಯಡ್ಡ ಮಾಡಿದರು. ಅದು ಆಮೇಲಿನ ಮಾತು. ಮೊದಲು ಅವರು ಬಂದು ಮನೆ ನೋಡಬೇಕು. ಇವು ನಿಲ್ಲುವ ಜಾಗ, ನೆಲ, ಗೋಡೆ, ನೆರೆಹೊರೆ ಒಪ್ಪಿಗೆಯಾದರೆ ಮಾತ್ರ ಮುಂದಿನದು. ಬೆಂಗಳೂರಿನ ಒಬ್ಬರನ್ನು ಹೀಗೆ ಮನೆ ನೋಡಿಯೇ ಬೇಡವೆಂದು ಬಂದಿದ್ದರಂತೆ. "ಗಾಜಿನ ಮನಿ ರೀ ಅದು. ಸ್ವರ ಎಲ್ಲಾ ಹೊಯ್ಕೊಳ್ಳತಾವು." ಚಹಾ ತಂದ ಅವರ ಹೆಂಡತಿ ಗಿರಿಜವ್ವ, ಲೋಟ ಇಡುತ್ತ, "ಮೂರು ಹೆಣ್ಣು ಮಕ್ಕಳ ಲಗ್ನಾ ಮಾಡೇವ್ರಿ. ಒಂದರ ಮನೀನೂ ಹಿಂಗ ನೋಡಲಿಲ್ಲ ಇವ್ರು" ಎಂದರು.

ನನಗಾದ ಇರುಸುಮುರುಸನ್ನು ತಾವು ಅರ್ಥಮಾಡಿಕೊಳ್ಳಬೇಕು. ಹೆಣ್ಣು ನೋಡುವ, ಮನೆ ನೋಡುವ ಶಾಸ್ತ್ರಗಳು ಮನುಷ್ಯ ಘನತೆಗೆ ಕುಂದು ಎಂದು ನಾನು ಕಾಲೇಜಿನಲ್ಲಿ ಎಷ್ಟೋ ಭಾಷಣ ಮಾಡಿದ್ದೇನೆ. ಯೌವನದಲ್ಲಿ ಒಂದು ಗಂಡಿನ ಕಡೆಯವರು ಬಂದಾಗ ತಟ್ಟೆ ಹಿಡಿದು ಬರುವ ಬದಲು ಕುರ್ಚಿ ಎಳೆದುಕೊಂಡು ಕೂತು, ಹುಡುಗನ ಅಡುಗೆ ಜ್ಞಾನದ ಬಗ್ಗೆ ಪ್ರಶ್ನೆ ಕೇಳಿದವಳು ನಾನು. ಅಂಥವಳು ನರೇಗಲ್ಲರು ಬರುವ ಬೆಳಗ್ಗೆ ನೆಲ ಸಾರಿಸಿದೆ. ಕಿಟಕಿಗೆ ಹೊಸ ಪರದೆ ಕಟ್ಟಿದೆ. ಕೇಸರಿಭಾತು ಮಾಡಿದೆ. ಒಳ್ಳೆಯ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಾಗ, ಚಿಕ್ಕಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ದಿನಗಳ ಮೇಲೆ ಹುಬ್ಬು ಹಾರಿಸಿದಳು.

ನರೇಗಲ್ಲರು ಕೇಸರಿಭಾತನ್ನು ಆಮೇಲೆ ಎಂದರು. ಕೋಣೆಯ ಮಧ್ಯೆ ನಿಂತು ಚಪ್ಪಾಳೆ ತಟ್ಟಿದರು. ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ಕೊನೆಗೆ ಚಪ್ಪಲಿ ಕಳಚಿ, ಹಿಮ್ಮಡಿಯಿಂದ ನೆಲವನ್ನು ಗುದ್ದಿ ಕಿವಿಗೊಟ್ಟರು. ನಮ್ಮ ಕೋಣೆಯೋ, ಎರಡು ಮಂಚ ಹಾಕಿದರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕಾದಂಥದು. ಇದಾಗುವ ಮಾತಲ್ಲ ಎಂದು ನಾನು ಕೈಚೆಲ್ಲಿದ್ದಾಗ ಅವರ ಮುಖ ಬೆಳಗಿತು.

"ಮೇಡಂ, ಕೆಳಗ ಎಲ್ಲಾ ಟೊಳ್ಳು ಅದ ಅಲ್ಲರೀ?"

ಗಣಿ ತೋಡಿದ ಊರು. ಸುರಂಗಗಳು ಎಲ್ಲೆಲ್ಲಿ ಹಾಯ್ದಿವೆಯೋ, ಇರಬಹುದು ಎಂದೆ.

"ಅಂದ್ರ ಇಡೀ ಊರ ಒಂದು ತಂಬೂರಿ ಬುರುಡಿ ಇದ್ದಂಗ! ಬೆಂಗಳೂರಾಗ ಲಕ್ಷ ಸುರದರೂ ಇಂಥಾ ಬುರುಡಿ ಸಿಗಂಗಿಲ್ಲ. ಮಂದ್ರ ಹೆಂಗ ಬರತೈತಿ ನೋಡ್ರಿ ಇಲ್ಲೆ."

ಪಾತಾಳದಷ್ಟು ಆಳದ ಸುರಂಗಕ್ಕೂ ನಮ್ಮ ಕೋಣೆಯ ನಾದಕ್ಕೂ ಸಂಬಂಧವಿರಲಾರದು ಎಂದು ಭೌತಶಾಸ್ತ್ರ ಓದಿದವರು ಆಮೇಲೆ ನನಗೆ ಹೇಳಿದ್ದಾರೆ. ಆ ಹೊತ್ತಿನಲ್ಲಿ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಈ ಊರಿನ ಕೆಳಗಿನ ಟೊಳ್ಳನ್ನು ಕುರಿತು ಒಂದು ಒಳ್ಳೆಯ ಮಾತು ಕೇಳಿದ್ದು ನನಗೆ ಅದೇ ಮೊದಲು.

ಒಪ್ಪಿಗೆಯಾದ ಸಂತೋಷಕ್ಕೆ ಕೇಸರಿಭಾತು ತಿನ್ನುತ್ತಿದ್ದವರು ಅಡುಗೆಮನೆಯತ್ತ ನೋಡಿ, "ಆ ಹಲಗೀಗೆ ಅಡ್ಡಪಟ್ಟಿ ಯಾಕ್ರಿ?" ಎಂದರು. ಪಾತ್ರೆ ಜೋಡಿಸುವ ಹಲಗೆಯ ಅಂಚಿಗೆ, ತೊಟ್ಟಿಲಿಗೆ ಕಂಬಿಯಿದ್ದ ಹಾಗೆ, ಒಂದು ಬಿದಿರಿನ ಪಟ್ಟಿ ಬಡಿದಿತ್ತು. ಗಣಿ ನಡೆಯುತ್ತಿದ್ದ ಕಾಲದ ಏರ್ಪಾಡು. ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆ ಸಿಡಿದರೆ ಮೇಲಿನ ಊರು ನಡುಗುತ್ತಿತ್ತು. ಪಟ್ಟಿಯಿಲ್ಲದ ಹಲಗೆಯ ಪಾತ್ರೆಗಳೆಲ್ಲ ನೆಲಕ್ಕೆ ಬರುತ್ತಿದ್ದವು. ಲೈನಿನವರು ಅದನ್ನು 'ಬ್ಲಾಸ್ಟು' ಎನ್ನುತ್ತಿದ್ದರು. ಗಣಿ ಮುಚ್ಚಿದ ಮೇಲೆ ಎಲ್ಲರೂ ಪಟ್ಟಿ ಕಿತ್ತು ಒಲೆಗೆ ಹಾಕಿದರು. ಚಿಕ್ಕಮ್ಮ ಕೀಳಲಿಲ್ಲ.

ಬ್ಲಾಸ್ಟು ಆದಾಗ ನಮ್ಮ ಲೈನಿನ ಹೆಂಗಸರಿಗೆ ಒಂದು ಕಟ್ಟಳೆಯಿತ್ತು. ಒಲೆ ಆರಿಸುವುದು, ಒಂದು ಚೊಂಬು ನೀರು ಹಿಡಿದು ಹೊಸ್ತಿಲಾಚೆ ಬಂದು, ಗಣಿಯ ಬಾಯಿಯ ಕಡೆ ಮುಖ ಮಾಡಿ ನಿಲ್ಲುವುದು. ಅಳಬಾರದು, ಹೆಸರು ಹಿಡಿದು ಕೂಗಬಾರದು. ತನ್ನ ಗಂಡ ಬಂದು ನೀರು ಕುಡಿದ ಮಾತ್ರಕ್ಕೆ ಒಳಗೆ ಹೋಗುವಂತಿಲ್ಲ. ಸಾಲಿನ ಕಟ್ಟಕಡೆಯ ಮನುಷ್ಯ ಮೇಲೆ ಬರುವವರೆಗೆ ಎಲ್ಲರೂ ನಿಲ್ಲಬೇಕು. ಕೊನೆಯವನು ಬಂದಾಗ "ಬಂದ" ಎಂಬ ಒಂದು ಮಾತು ಹೊಸ್ತಿಲಿನಿಂದ ಹೊಸ್ತಿಲಿಗೆ ದಾಟುತ್ತ ಹೋಗುತ್ತಿತ್ತು. ಆಮೇಲೆ ಒಲೆಗಳು ಹೊತ್ತುತ್ತಿದ್ದವು. ಮಕ್ಕಳು ಮಾತ್ರ ಮನೆಯೊಳಗೇ ಇರಬೇಕು. ನಾನು ಅಕ್ಕಿಮೂಟೆಯ ಹಿಂದೆ ಕೂತು, ಬಾಗಿಲಿನ ಚೌಕಟ್ಟಿನಲ್ಲಿ ಚಿಕ್ಕಮ್ಮನ ಬೆನ್ನನ್ನು ನೋಡುತ್ತಿದ್ದೆ. ಆ ಬೆನ್ನು ಅಲುಗುತ್ತಿರಲಿಲ್ಲ. ಹೊರಗೆ ನಿಲ್ಲುವ ವಯಸ್ಸು ಬರುವ ಮೊದಲೇ ನಾನು ಗುಡ್ಡದ ಶಾಲೆಗೆ ಹೋದೆ.

ಇದನ್ನೆಲ್ಲ ಹೇಳಿದರೆ ನರೇಗಲ್ಲರು ಮನಸ್ಸು ಬದಲಿಸಿಯಾರೆಂದು, "ಪಾತ್ರೆ ಬೀಳಬಾರದು ಅಂತ" ಎಂದಷ್ಟೇ ಹೇಳಿದೆ.

ಸ್ಪೀಕರುಗಳು ಬಂದದ್ದು ಕ್ಯಾಸಂಬಳ್ಳಿಯ ನಾರಾಯಣಸ್ವಾಮಿಯ ತರಕಾರಿ ಟೆಂಪೊದಲ್ಲಿ, ಕೋಸಿನ ಎಲೆಗಳ ಹಾಸಿಗೆಯ ಮೇಲೆ. ಆತ ಅವುಗಳನ್ನು ಸುತ್ತುಹಾಕಿ ನೋಡಿದ.

"ಇದ್ಯಾವ ಸೀಮೆ ಬೀರು ಮೇಡಂ? ಬಾಗ್ಲೇ ಇಲ್ಲ!"

"ಬೀರು ಅಲ್ಲಪ್ಪ, ಸ್ಪೀಕರು."

"ಸ್ಪೀಕರಾ?" ಆತ ಕೈಯಿಂದ ಹಗ್ಗ ಬಿಟ್ಟ. "ನಮ್ಮೂರ್ ಸೌಂಡ್ ಸೆಟ್ನೋರು ನಿಮ್ ಎಸ್ರು ಏಳುದ್ರೆ ಕ್ಯಾಕರುಸಿ ಉಗೀತಾರೆ. ಅಮ್ಮನ್ ಅಬ್ಬಕ್ಕೆ ಬಾಕ್ಸು ನಿಲ್ಸಿದ್ ಟೀಚರಮ್ಮ ನೀವೇ ತಾನೆ?"

ಸಾರ್ವಜನಿಕ ಸ್ಥಳದ ಶಬ್ದಮಾಲಿನ್ಯಕ್ಕೂ ಖಾಸಗಿ ಶ್ರವಣಕ್ಕೂ ಇರುವ ತಾತ್ತ್ವಿಕ ವ್ಯತ್ಯಾಸವನ್ನು ನಾನು ರಾಬರ್ಟ್‌ಸನ್‌ಪೇಟೆ ದಾಟುವವರೆಗೂ ವಿವರಿಸಿದೆ. ಆತ ಎಲ್ಲಕ್ಕೂ "ಅದೂ ನಿಜವೇ" ಎಂದ. ಇಳಿಸುವಾಗಲೂ ಆತ "ಬೀರು, ಬೀರು" ಎಂದೇ ಕೂಗುತ್ತಿದ್ದ, ಲೈನಿನವರೆಲ್ಲ ಬಾಗಿಲಿಗೆ ಬಂದಿದ್ದರು. ಸೆಲ್ವಿ ಸೊಂಟದ ಮೇಲೆ ಕೈಯಿಟ್ಟು ನಿಂತು, ನನ್ನನ್ನಲ್ಲದೆ ಆಕಾಶವನ್ನು ಉದ್ದೇಶಿಸಿ, "ಪಾರಮ್ಮಾ, ನೋಡಮ್ಮಾ! ಅಮ್ಮನಿಗೆ ಬಾಕ್ಸ್ ಬೇಡವಂತೆ, ಟೀಚರ್‌ಗೆ ಬೇಕಂತೆ. ಯಾರು ದೊಡ್ಡ ಸಾಮಿ ಅಂತ ಇವತ್ತು ಗೊತ್ತಾಯ್ತು" ಎಂದಳು. ವಾದದಲ್ಲಿ ಹುರುಳಿದ್ದುದರಿಂದ ನಾನು ಹಗ್ಗ ಬಿಚ್ಚತೊಡಗಿದೆ.

ಒಂದು ಮಂಚವನ್ನು ಹೊರಗಿಟ್ಟ ಮೇಲೆ ಸ್ಪೀಕರುಗಳು ಒಳಗೆ ಹಿಡಿದವು. ಅವುಗಳ ನಡುವೆ ಶಾಲೆಯ ಗೆಳತಿಯೊಬ್ಬಳು ಕೊಟ್ಟಿದ್ದ ಹಳೆಯ ರೆಕಾರ್ಡ್ ಪ್ಲೇಯರು, ಆಂಪ್ಲಿಫಯರು. ಚಿಕ್ಕಮ್ಮನನ್ನು ಉಳಿದ ಮಂಚದ ಮೇಲೆ, ಪಾದ ನೆಲಕ್ಕೆ ತಾಗುವಂತೆ ಕೂರಿಸಿದೆ. ಮೊದಲ ದಿನ ಗಾಯನ ಹಾಕಿದೆ. ಅವಳು ಗೋಡೆ ನೋಡುತ್ತ ಕೂತಳು. ಎರಡನೆಯ ದಿನ ವೀಣೆ. "ಏನಾದರೂ ಗೊತ್ತಾಗತ್ತಾ?" ಎಂದು ಕೈಸನ್ನೆಯಲ್ಲಿ ಕೇಳಿದೆ. "ಊಂ" ಎಂದಳು. ಅದು ಹೌದೆಂಬ ಊಂ ಅಲ್ಲ ಎಂಬುದು ನನಗೆ ಗೊತ್ತಿತ್ತು. ವಾರ ಕಳೆಯಿತು. ಎದೆಯೆತ್ತರದ ಎರಡು ಮರದ ಪೆಟ್ಟಿಗೆಗಳ ನಡುವೆ ಅವಳು ಇನ್ನಷ್ಟು ಚಿಕ್ಕದಾಗಿ ಕಾಣತೊಡಗಿದಳು.

ನರೇಗಲ್ಲರಿಗೆ ಫೋನು ಮಾಡಿದೆ. "ಆ ಪರೀಕ್ಷಾ ತಟ್ಟಿ ಕೊಟ್ಟಿದ್ನಲ್ರಿ, ಹಾಕೀರೇನು?" ಎಂದರು. ಹಾಕಿರಲಿಲ್ಲ. ಅದು ಸಂಗೀತದ ರೆಕಾರ್ಡಲ್ಲ. ಸ್ಪೀಕರಿನ ಶಕ್ತಿ ಅಳೆಯಲು ಮಾಡಿದ್ದು. ಒಂದೊಂದೇ ಸ್ವರ ಮೇಲಿನಿಂದ ಕೆಳಕ್ಕೆ, ಕಿವಿಗೆ ನಿಲುಕದ ಆಳದವರೆಗೆ ಇಳಿಯುತ್ತದೆ. "ಕಡೀ ಸ್ವರ ಕಿವೀಲೆ ಕೇಳಂಗಿಲ್ರಿ, ಕಾಲೀಗೆ ಕೇಳತೈತಿ. ದನಿ ಸ್ವಲ್ಪ ಏರಿಸ್ರಿ. ಅಂಜಬ್ಯಾಡ್ರಿ, ಕೆಳಗ ಬುರುಡಿ ಅದ."

ಭಾನುವಾರದ ಮಧ್ಯಾಹ್ನ. ಯಾರ ನಿದ್ರೆಗೂ ಭಂಗವಾಗದ, ಪರೀಕ್ಷೆಗಳಿಲ್ಲದ ಕಾಲ ನೋಡಿಯೇ ಆರಿಸಿದ್ದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಳು. ಆಮೇಲೆ ಕರೆದು ಕೂರಿಸೋಣ, ಮೊದಲು ನಾನೇ ನೋಡೋಣ ಎಂದುಕೊಂಡು ತಟ್ಟೆ ಹಾಕಿದೆ. ಒಬ್ಬ ಗಂಭೀರ ಇಂಗ್ಲಿಷ್ ಗಂಡಸು ಮುಂದೆ ಏನು ಬರಲಿದೆ ಎಂಬುದನ್ನು ಘೋಷಿಸಿದ. ಸ್ವರ ಇಳಿಯತೊಡಗಿತು. ತಂಬೂರಿಯಾಯಿತು, ದುಂಬಿಯಾಯಿತು, ದೂರದ ಗೂಡ್ಸ್ ಗಾಡಿಯಾಯಿತು. ಆಮೇಲೆ ಸದ್ದು ಪೂರ್ತಿ ನಿಂತಂತಾಯಿತು. ಹಾಳಾಯಿತೇನೋ ಎಂದು ನಾನು ದನಿಯ ಗುಂಡಿಯನ್ನು ಪೂರಾ ತಿರುಗಿಸಿದೆ.

ಮೊದಲು ನನ್ನ ಹಿಮ್ಮಡಿ ನಡುಗಿತು. ಆಮೇಲೆ ಮಾಡಿನ ತಗಡು, ಈ ತುದಿಯಿಂದ ಆ ತುದಿಯವರೆಗೆ ಇಡೀ ಲೈನಿನ ತಗಡು ಗಡಗಡನೆ ಕುಣಿಯಿತು. ಪಕ್ಕದ ಗೋಡೆಯಾಚೆ, ಪಟ್ಟಿಯಿಲ್ಲದ ಹಲಗೆಯಿಂದ ಸೆಲ್ವಿಯ ಪಾತ್ರೆಗಳು ಒಂದರ ಹಿಂದೊಂದು ನೆಲ ಕಂಡವು. ನಮ್ಮ ಪಾತ್ರೆಗಳು ಬಿದಿರಿನ ಪಟ್ಟಿಗೆ ಹಾಯ್ದು, ಕುಲುಕಾಡಿ, ನಿಂತವು.

ನಾನು ಸೂಜಿ ಎತ್ತಿದೆ. ಅಡುಗೆಮನೆಗೆ ಓಡಿದೆ. ಸ್ಟವ್ ಆರಿತ್ತು. ಹಾಲು ಅರೆ ಕಾದು ನಿಂತಿತ್ತು. ಚಿಕ್ಕಮ್ಮ ಇರಲಿಲ್ಲ, ನೀರಿನ ಕೊಳಗದ ಮೇಲೆ ಚೊಂಬೂ ಇರಲಿಲ್ಲ.

ಬಾಗಿಲಿನ ಚೌಕಟ್ಟಿನಲ್ಲಿ ಅವಳ ಬೆನ್ನು ಕಂಡಿತು.

ಅವಳೊಬ್ಬಳೇ ಅಲ್ಲ. ಸಾಲಿನುದ್ದಕ್ಕೂ ಹೊಸ್ತಿಲಾಚೆ ವಯಸ್ಸಾದ ಹೆಂಗಸರು ನಿಂತಿದ್ದರು. ಕೈಯಲ್ಲಿ ಚೊಂಬು, ಇಲ್ಲವೇ ಪ್ಲಾಸ್ಟಿಕ್ ಜಗ್ಗು. ಎಲ್ಲರ ಮುಖವೂ ಎಂದೋ ತುಕ್ಕು ಹಿಡಿದ ಗಣಿಯ ಬಾಯಿಯ ಕಡೆಗೆ. ಕೆಳಗೆ ಹೋದವರೇ ಇಲ್ಲವೆಂಬುದು, ಅವರಲ್ಲಿ ಹೆಚ್ಚಿನವರ ಗಂಡಂದಿರು ತೀರಿಹೋಗಿ ಕಾಲವಾಯಿತೆಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಾಗುವ ಮೊದಲೇ ಕಾಲು ಹೊರಗೆ ಬಂದಿತ್ತು.

ನಾನು ಏನು ಮಾಡಬೇಕಿತ್ತು? ಹೊರಗೆ ಹೋಗಿ ಸಾರ್ವಜನಿಕ ಕ್ಷಮೆ ಕೇಳಬೇಕಿತ್ತು. ಲೈನಿನ ಇಡೀ ಸಾಲನ್ನು ಬೆದರಿಸಿದ್ದು, ಹಳೆಯ ಭಯವನ್ನು ಕೆದಕಿದ್ದು, ಸೆಲ್ವಿಯ ಪಾತ್ರೆ ಬೀಳಿಸಿದ್ದು, ಎಲ್ಲವನ್ನೂ ಹೆಸರಿಟ್ಟು ಹೇಳಬೇಕಿತ್ತು. ವಾಕ್ಯವನ್ನೂ ಜೋಡಿಸಿಕೊಂಡಿದ್ದೆ. ಆದರೆ ಎಡಗಡೆಯ ಸ್ಪೀಕರಿನ ಹಿಂದೆ, ಹಿಂದೊಮ್ಮೆ ಅಕ್ಕಿಮೂಟೆಯಿದ್ದ ಅದೇ ಮೂಲೆಯಲ್ಲಿ, ಮಂಡಿಯೂರಿ ಕೂತುಬಿಟ್ಟೆ.

ಮೊದಲು ಕೇಳಿದ್ದು ಸೆಲ್ವಿಯ ದನಿ. "ಅಯ್ಯೋ, ಇದು ಬ್ಲಾಸ್ಟು ಇಲ್ಲಕ್ಕಾ! ಟೀಚರ್ ಬೀರು!" ಆಮೇಲೆ ಸಾಲಿನ ಆ ತುದಿಯಲ್ಲಿ ಯಾರೋ ಪಕ್ಕನೆ ನಕ್ಕರು. ನಗು ಹೊಸ್ತಿಲಿನಿಂದ ಹೊಸ್ತಿಲಿಗೆ ದಾಟುತ್ತ ಬಂತು.

"ನಗ್ತೀರೇನ್ರೇ?" ಎಂಬ ದನಿ ಕೇಳಿತು. ಕ್ಷಣಕಾಲ ಅದು ಯಾರದೆಂದೇ ನನಗೆ ತಿಳಿಯಲಿಲ್ಲ. ಅಷ್ಟು ದಿನಗಳಾಗಿದ್ದವು ಅದನ್ನು ಕೇಳಿ. "ಸೆಲ್ವೀ, ನಿನ್ ಗಂಡ ಅವತ್ತು ಮೇಲ್ ಬಂದೋನು ನೀರ್ ಬ್ಯಾಡ ಕಾಪಿ ಕೊಡು ಅಂದಿದ್ನಲ್ಲೇ! ನೀನು ಚೊಂಬು ನೀರ್ನ ಅವ್ನ್ ತಲೆ ಮೇಲೇ ಸುರುದ್ಯಲ್ಲ, ಮರ್ತ್‌ಬುಟ್ಯಾ?"

"ಮರೀತೀನಾ ಅಕ್ಕಾ? ಒಂದ್ ವಾರ ಮಾತಾಡ್ಲಿಲ್ಲ ಆ ಮನುಷ್ಯ!" ಸೆಲ್ವಿ ಕೈಯಾಡಿಸಿ, ಮೀಸೆ ತಿರುವಿ, ಗಂಡನ ಕೋಪವನ್ನು ಅಭಿನಯಿಸಿ ತೋರಿಸುತ್ತಿದ್ದಳೆಂದು ಕಾಣುತ್ತದೆ, ಚಿಕ್ಕಮ್ಮ ನಗುತ್ತ ಕೆಮ್ಮಿದಳು. ಚಿಕ್ಕಪ್ಪ ಬರುವಾಗ ಹೇಗೆ ಮೊದಲು ಚಪ್ಪಲಿಯ ಸದ್ದು ಬರುತ್ತಿತ್ತು ಎಂದು ಹೇಳಿದಳು. ಯಾರೋ ಇನ್ನೊಂದನ್ನು ನೆನಪಿಸಿದರು. ಅವಳಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸಬೇಕಾದ ಅಗತ್ಯವೂ ಇರಲಿಲ್ಲ. ಅವಳಿಗೆ ಗೊತ್ತಿಲ್ಲದ ಕಥೆ ಆ ಸಾಲಿನಲ್ಲಿ ಯಾರ ಬಳಿಯೂ ಇರಲಿಲ್ಲ. ತುಟಿ ಅಲುಗಿದ್ದು ನೋಡಿ ಉಳಿದದ್ದನ್ನು ತಾನೇ ಹೇಳುತ್ತಿದ್ದಳು. ಒಂದೆರಡು ಕಡೆ ಬೈದಳು ಕೂಡ.

ಹೊತ್ತು ಇಳಿಯಿತು. ಯಾರೂ ಒಳಗೆ ಹೋಗಲಿಲ್ಲ. ಕೊನೆಗೆ ತುದಿಮನೆಯ ಮುದುಕಿ, "ನನ್ ಸೀರಿಯಲ್ ಓಗ್ತದೆ ಕಣ್ರೇ, ನಾ ಒಳಕ್ಕೋಗ್ತೀನಿ" ಎಂದಳು. ಎಂದು, ಹೊಸ್ತಿಲ ಕಡೆ ತಿರುಗಿಯೂ ಬಿಟ್ಟಳೆಂದು ತೋರುತ್ತದೆ. ಚಿಕ್ಕಮ್ಮ ಅದನ್ನು ಕಂಡಳು.

"ಓಗ್ಬಾರ್ದು! ನಿಂತ್ಕೊಳೇ. ಎಲ್ರೂ ಬಂದಿಲ್ಲ."

"ಇನ್ಯಾರಕ್ಕಾ ಬರ್ಬೇಕು?" ಎಂದು ಸೆಲ್ವಿ ಕೈ ತಿರುಗಿಸಿ ಕೇಳಿದಳು.

"ನಮ್ ವಿಮಲಿ. ಒಳಗೇ ಕುಂತವ್ಳೆ."

ಆಮೇಲೆ ನಮ್ಮ ಕಿಟಕಿಯ ಹೊಸ ಪರದೆ ಸರಿಯಿತು, ಸೆಲ್ವಿಯ ಮುಖ ಕಂಡಿತು. ಸ್ಪೀಕರಿನ ಹಿಂದೆ ಮಂಡಿಯೂರಿದ್ದ ನನ್ನನ್ನು ನೋಡಿ ಅವಳು ನಗಲಿಲ್ಲ. "ಟೀಚರ್, ಮೇಲೆ ಬಾಂಗೋ" ಎಂದಳು. "ಎಷ್ಟೊತ್ತು ನಿಲ್ಲೋದು ನಾವು? ಕಾಲು ನೋಯ್ತಾ ಇದೆ."

ನಾನು ಎದ್ದು, ಸೀರೆಯ ಧೂಳು ಕೊಡವಿ, ಹೊಸ್ತಿಲು ದಾಟಿದೆ. ಜೋಡಿಸಿಕೊಂಡಿದ್ದ ವಾಕ್ಯವನ್ನು ಆರಂಭಿಸಲು ಬಾಯಿ ತೆರೆದೆ.

"ಬಂದ್ಲು" ಎಂದಳು ಚಿಕ್ಕಮ್ಮ.

"ಬಂದ್ಲು" ಎಂದಳು ಸೆಲ್ವಿ, ಪಕ್ಕದ ಹೊಸ್ತಿಲಿಗೆ. ಮಾತು ಸಾಲಿನುದ್ದಕ್ಕೂ ಹೋಯಿತು. ತುದಿಮನೆಯ ಮುದುಕಿ ಅದನ್ನು ಬಾಗಿಲೊಳಗೆ ಒಂದು ಕಾಲಿಟ್ಟುಕೊಂಡೇ ಹೇಳಿದಳು. ಒಂದೊಂದೇ ಸ್ಟವ್ ಹೊತ್ತಿಕೊಂಡ ಸದ್ದು ಕೇಳಿತು.

ಚಿಕ್ಕಮ್ಮ ಚೊಂಬು ಚಾಚಿದಳು. ನೀರು ಅವಳ ಅಂಗೈಯ ಬಿಸಿಗೆ ಬೆಚ್ಚಗಾಗಿತ್ತು. ನಿಂತೇ ಕುಡಿದೆ. ಪೂರ್ತಿ ಕುಡಿಯುವವರೆಗೆ ಅವಳು ನೋಡುತ್ತಿದ್ದು, "ಅದೇನ್ ಆಳಾದೋರ್ ಬೀರು ತಂದಿಟ್ಟಿದ್ದೀಯೇ, ಆಲು ಕೆಟ್ಟೋಯ್ತು" ಎಂದು ಬೈದಳು.

ಬೀರಿನ ಮುಖ ನೋಡಬೇಕೆಂದು ಸೆಲ್ವಿ ನನ್ನ ಹಿಂದೆಯೇ ಒಳಗೆ ಬಂದಳು. ಕೂರಲು ಜಾಗ ಹುಡುಕಿ, ಕಾಣದೆ, ಚಿಕ್ಕಮ್ಮನ ಮಂಚದ ಮೇಲೆ ಅವಳ ಪಕ್ಕಕ್ಕೆ ಕೂತಳು. "ಇನ್ನೊಂದ್ಸಲ ಹಾಕಿ ಟೀಚರ್, ಮೆಲ್ಲಗೆ" ಎಂದಳು. ಮೊದಲು ಅಕ್ಕಪಕ್ಕದ ಎಲ್ಲ ಮನೆಗಳ ಒಪ್ಪಿಗೆ ಪಡೆಯುವುದು ನ್ಯಾಯವೆಂದು ನಾನು ಆರಂಭಿಸಿದ್ದೆ. ಇಬ್ಬರೂ ನನ್ನತ್ತ ನೋಡಿದ ನೋಟ ಕಂಡು ಮಾತು ನಿಲ್ಲಿಸಿ, ಸೂಜಿಯ ಕಡೆ ಕೈ ಚಾಚಿದೆ. ಒಂದು ಕೈಯಲ್ಲಿ ಇನ್ನೂ ಚೊಂಬಿತ್ತು. ಎಲ್ಲಿಡುವುದು? ಒದ್ದೆಯಾದದ್ದನ್ನು ವಾಲ್ನಟ್ ಮರದ ಮೇಲೆ ಇಡಬಾರದೆಂದು ನರೇಗಲ್ಲರು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಇಟ್ಟೆ.